ಮುಂದಿನ ಬಿಲ್ಲಿನಿಂದ ‘ಲೈನ್ ಶುಲ್ಕ’: ಗ್ರಾಹಕರಿಗೆ ನಮ್ಮ ಪತ್ರ

ಪ್ರಿಯ ಗ್ರಾಹಕರೇ,

ಮುಂದಿನ ತಿಂಗಳ ಬಿಲ್ಲಿನಲ್ಲಿ ‘ಲೈನ್ ಶುಲ್ಕ’ ಅಂತ ಒಂದು ಹೊಸ ಸಾಲು ಇರುತ್ತದೆ, ಅದು ಹೊಸ ಹೈಟೆನ್ಷನ್ ಲೈನಿನ ಖರ್ಚಿಗೆ. ಆ ಲೈನ್ ಮುಗಿಯುವವರೆಗೆ ಸೋಲಾರ್‌ನ ಹೊಸ ಅರ್ಜಿಗಳನ್ನೂ ತೆಗೆದುಕೊಳ್ಳುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಸೋಲಾರ್ ಕರೆಂಟಿನಿಂದಲೇ ಈಗಿನ ಲೈನ್ ತುಂಬಿಹೋಗುತ್ತಿದೆ. ಬೇಸರದ ಸುದ್ದಿಯೇ, ಕ್ಷಮೆ ಇರಲಿ. ಆದರೆ ‘ಸಂಘದವರು ದುಡ್ಡು ಹೊಡೆಯುತ್ತಿದ್ದಾರೆ’ ಅನ್ನುವ ಮಾತು ಕೇಳಿ ನಮಗೂ ನೋವಾಗಿದೆ.

ಟವರಿನ ಉಕ್ಕು, ತಂತಿಯ ಅಲ್ಯೂಮಿನಿಯಂ, ಇವುಗಳ ರೇಟು ನಮ್ಮ ಕೈಯಲ್ಲಿಲ್ಲ. ದೊಡ್ಡ ಟ್ರಾನ್ಸ್‌ಫಾರ್ಮರಿಗೆ ಆರ್ಡರ್ ಕೊಟ್ಟು ವರ್ಷಗಟ್ಟಲೆ ಕಾಯಬೇಕು, ಮುಂಗಡ ಮಾತ್ರ ಇವತ್ತೇ ಕಟ್ಟಬೇಕು. ಸೋಲಾರ್, ಗಾಳಿ ಘಟಕಗಳು 1ರಿಂದ 5 ವರ್ಷದಲ್ಲಿ ಎದ್ದು ನಿಲ್ಲುತ್ತವೆ. ಲೈನಿಗೆ ಯೋಜನೆ, ಅನುಮತಿ, ಕೆಲಸ ಎಲ್ಲ ಸೇರಿ ಎಷ್ಟೋ ಕಡೆ 5ರಿಂದ 15 ವರ್ಷ ಬೇಕು. ಇದು ನಮ್ಮ ನೆಪವಲ್ಲ, ಅಂತರರಾಷ್ಟ್ರೀಯ ಇಂಧನ ಸಂಸ್ಥೆ 2023ರ ವರದಿಯಲ್ಲಿ ಹೇಳಿದ್ದು. ದಾರಿಯಲ್ಲಿ ಒಬ್ಬರು ಜಾಗ ಕೊಡದಿದ್ದರೂ ಆಚೀಚೆಯ ಟವರುಗಳು ಸುಮ್ನೆ ನಿಂತಿರುತ್ತವೆ. ಹಾಗಂತ ಅವರನ್ನು ನಾವು ಬೈಯುವುದಿಲ್ಲ. ಅವರೂ ನಮ್ಮ ಗ್ರಾಹಕರೇ.

ಎಲ್ಲರೂ ಕೇಳುವ ಪ್ರಶ್ನೆ: ‘ನೆಲದಡಿ ಕೇಬಲ್ ಹಾಕಿಬಿಟ್ಟರೆ ಮುಗೀತಲ್ವಾ?’ ಮುಗಿಯುವುದಿಲ್ಲ. ಮೇಲಿನ ತಂತಿಗೆ ಸುತ್ತಲಿನ ಗಾಳಿಯೇ ಇನ್ಸುಲೇಷನ್, ಅಂದರೆ ಕರೆಂಟ್ ಹೊರಗೆ ಹರಿಯದಂತೆ ತಡೆಯುವ ಹೊದಿಕೆ, ಅದು ಬಿಟ್ಟಿ. ತಂತಿಯ ಬಿಸಿಯನ್ನೂ ಅದೇ ಹೊತ್ತೊಯ್ಯುತ್ತದೆ. ನೆಲದಡಿ ಎರಡಕ್ಕೂ ದುಡ್ಡು, ಒಟ್ಟು ಖರ್ಚು ಹಲವು ಪಟ್ಟು. ಕೇಬಲ್ ಡ್ರಮ್ಮಿನಲ್ಲಿ ತುಂಡು ತುಂಡಾಗಿ ಬರುತ್ತದೆ. ಒಂದೊಂದು ಜಾಯಿಂಟಿಗೂ ಗುಂಡಿ ತೋಡಿ, ಮೇಲೆ ಟೆಂಟ್ ಹಾಕಿ, ಧೂಳಿನ ಕಣವೂ ಬೀಳದಂತೆ ಪದರ ಪದರವಾಗಿ ಸುಲಿದು ಕೂಡಿಸಬೇಕು. ಒಳಗೆ ಸ್ವಲ್ಪ ಕಸ ಉಳಿದರೂ ಮುಂದೊಂದು ದಿನ ಅಲ್ಲೇ ಸುಡುತ್ತದೆ. ಸಾಲದ್ದಕ್ಕೆ ಕೇಬಲ್ ತಾನೇ ಒಂದು ಕೆಪಾಸಿಟರ್, ಅಂದರೆ ಚಾರ್ಜ್ ಹಿಡಿದಿಟ್ಟುಕೊಳ್ಳುವ ಸಾಧನ. ಅದನ್ನು ಚಾರ್ಜ್ ಮಾಡುವುದಕ್ಕೇ ಕರೆಂಟ್ ಬೇಕು, ಉದ್ದ ಹೆಚ್ಚಿದಷ್ಟೂ ಜಾಸ್ತಿ. ಅದನ್ನು ಸರಿದೂಗಿಸಲು ಮತ್ತೆ ರಿಯಾಕ್ಟರ್ ಅನ್ನುವ ದೊಡ್ಡ ತಂತಿ ಸುರುಳಿ, ಮತ್ತೆ ಖರ್ಚು. ಕೆಟ್ಟರಂತೂ ಕೇಳಲೇಬೇಡಿ. ಮೇಲೆ ತಂತಿ ಹರಿದರೆ ನಮ್ಮ ಲೈನ್‌ಮನ್ ಕಣ್ಣಿಗೆ ಬೀಳುತ್ತದೆ. ಕೆಳಗಾದರೆ ಜಾಗ ಹುಡುಕಿ, ಅಗೆದು, ಸರಿಮಾಡುವಷ್ಟರಲ್ಲಿ ವಾರಗಳೇ ಕಳೆಯಬಹುದು. ನೆಲದಡಿ ಹಾಕಿದರೆ ನೋಡಲು ಚೆಂದ, ಒಪ್ಪುತ್ತೇವೆ. ಆಗ ಬಿಲ್ಲಿನಲ್ಲಿ ಬರುವ ಮೊತ್ತ ನೋಡಿದರೆ ನೀವೇ ಬೇಡ ಅನ್ನುತ್ತೀರಿ.

ಈಗಾಗಲೇ ಸೋಲಾರ್ ಜೋಡಿಸಿಕೊಂಡವರು ಹೆದರಬೇಡಿ, ನಿಮ್ಮ ಒಪ್ಪಂದ ಹಾಗೇ ಇರುತ್ತದೆ. ಶುಲ್ಕದ ಹಣಕ್ಕೆ ಬೇರೆಯೇ ಖಾತೆ ಇದೆ, ಲೈನಿನ ಸಾಲ ತೀರಿದ ತಿಂಗಳೇ ಆ ಸಾಲು ಬಿಲ್ಲಿನಿಂದ ಹೋಗುತ್ತದೆ. ಖರ್ಚಿನ ಲೆಕ್ಕ ಕಚೇರಿಯ ಕೌಂಟರಿನಲ್ಲಿದೆ, ಯಾರು ಬೇಕಾದರೂ ಬಂದು ನೋಡಿ. ಸಿಟ್ಟು ಬಂದರೆ ನಮಗೇ ಫೋನ್ ಮಾಡಿ ಬೈಯಿರಿ, ಕಂಬ ಹತ್ತಿದ ಹುಡುಗರನ್ನು ಮಾತ್ರ ಬೇಡ.

ನಿಮ್ಮ,
ವಿದ್ಯುತ್ ಸಹಕಾರ ಸಂಘದ ಆಡಳಿತ ಮಂಡಳಿ