ಬಾವುಟದ ಚಿತ್ರ ಹಾಕುವ ಮುನ್ನ

ಸದಸ್ಯರೇ, ಅಮೆರಿಕದ ಅಂತರ್ಯುದ್ಧದ ಚಿತ್ರ ಹಾಕುವಾಗ ಬಾವುಟವನ್ನು ಸರಿಯಾಗಿ ನೋಡಿ. ಕೆಂಪು ನೆಲ, ನೀಲಿ ಓರೆಶಿಲುಬೆ, 13 ನಕ್ಷತ್ರ ಇದ್ದರೆ ‘ಕಾನ್ಫೆಡರೇಟ್ ರಾಷ್ಟ್ರಧ್ವಜ’ (ಅಮೆರಿಕದಿಂದ ಬೇರೆಯಾಗಿ ಹೋರಾಡಿದ ದಕ್ಷಿಣದ ರಾಜ್ಯಗಳ ಧ್ವಜ) ಎಂದು ಬರೆಯಬೇಡಿ. ಅದು ಆ ರಾಜ್ಯಗಳ ಸೇನೆಯ ರಣಧ್ವಜ, 1863ರಿಂದ ರಾಷ್ಟ್ರಧ್ವಜದ ಮೂಲೆಯಲ್ಲಷ್ಟೇ ಇತ್ತು. ಅವರ ಸೇನಾಪತಿ ರಾಬರ್ಟ್ ಲೀಯ ಸೇನೆಯದು ಚೌಕ, ಆಯತವಲ್ಲ.

1861ರ ಮಾರ್ಚ್‌ನ ಮೊದಲ ಕಾನ್ಫೆಡರೇಟ್ ರಾಷ್ಟ್ರಧ್ವಜಕ್ಕೆ ಕೆಂಪು-ಬಿಳಿ-ಕೆಂಪು ಪಟ್ಟಿ, ಮೂಲೆಯ ನೀಲಿಯಲ್ಲಿ 7 ನಕ್ಷತ್ರಗಳ ವೃತ್ತ. ಗಾಳಿಯಿಲ್ಲದೆ ಜೋತುಬಿದ್ದರೆ ಎದುರಾಳಿ ಅಮೆರಿಕ ಸರ್ಕಾರದ ಬಾವುಟದಂತೆಯೇ ಕಾಣುತ್ತಿತ್ತು. ಜುಲೈನಲ್ಲಿ ವರ್ಜೀನಿಯಾದ ಮನಾಸಸ್ ಕದನದಲ್ಲಿ ಇದರಿಂದಲೇ ಗೊಂದಲವಾಗಿ, ಆಮೇಲೆ ರಣಧ್ವಜ ಬಂತು.

ಈ ರಣಧ್ವಜ ಹಾರಿಸುವುದು ದಕ್ಷಿಣದವರ ‘ಬರೀ ಪರಂಪರೆ’ ಎನ್ನುವವರು ಇಸವಿಯನ್ನೂ ಬರೆಯಿರಿ. ದಕ್ಷಿಣದ ಜಾರ್ಜಿಯಾ ರಾಜ್ಯ ಇದನ್ನು ರಾಜ್ಯಧ್ವಜಕ್ಕೆ ಸೇರಿಸಿದ್ದು 1956ರಲ್ಲಿ. ಕರಿಯ, ಬಿಳಿಯ ಮಕ್ಕಳು ಒಂದೇ ಶಾಲೆಯಲ್ಲಿ ಕಲಿಯುವುದಕ್ಕೆ ಅಲ್ಲಿನ ಶಾಸಕರು ಅಡ್ಡ ನಿಂತಿದ್ದ ಕಾಲವದು. ಮಿಸಿಸಿಪ್ಪಿ ರಾಜ್ಯ ತನ್ನ ಧ್ವಜದಿಂದ ಇದನ್ನು ಕೈಬಿಟ್ಟಿದ್ದು 2020ರಲ್ಲಿ. ಜಾರ್ಜಿಯಾದ ಈಗಿನ ಧ್ವಜವೂ 1861ರ ಆ ಮೊದಲ ಪಟ್ಟಿಧ್ವಜದ ಮಾದರಿಯದೇ. ಹೆಚ್ಚಿನವರು ಇದನ್ನು ಗಮನಿಸುವುದಿಲ್ಲ.