ಕಪ್ ಕೈಗೆ ಬರುವ ಮೊದಲಿನ ಮಾತು

ಪ್ರೀತಿಯ ತಂಗೀ,

ನಿನ್ನ ಕಥೆ ತಲುಪಿತು. ಎರಡು ಸಲ ಓದಿದೆ. ಪಿಎಸ್‌ಐ ಪರೀಕ್ಷೆಗೆ ಮೂರನೇ ಸಲ ಹೊರಟ ಹುಡುಗಿ, ಹೊಸಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳುತ್ತಾ ಅಮ್ಮನಿಗೆ "ಈ ಸಲ ಕಪ್ ನಮ್ಮದೇ" ಅಂತಾಳಲ್ಲ, ಅಲ್ಲೇ ನಿಂತುಬಿಟ್ಟೆ. ನಿನಗೂ ಅಲ್ಲೇ ಅನುಮಾನ. ಇದು ಹೊಸ ಆಡುಮಾತಾಗ್ತಿದೆಯಾ, ಇಲ್ಲಾ ಐಪಿಎಲ್ ಕ್ರಿಕೆಟ್ ಜೊತೆ ಬಂದು ಹೋಗೋ, ಬೆಂಗಳೂರಿನ ಆರ್‌ಸಿಬಿ ತಂಡದ ಅಭಿಮಾನಿಗಳ ಬರೀ ಕೂಗಾ, ನಾಲ್ಕು ವರ್ಷ ಬಿಟ್ಟು ಓದುವವರಿಗೆ ಹಳಸಲು ಅನ್ನಿಸುತ್ತಾ ಅಂತ ಕೇಳಿದ್ದೀಯ.

ನಾನು ನೋಡೋದು ಒಂದನ್ನೇ. ಆ ಮಾತು ಹುಟ್ಟಿದ ಜಾಗ ಬಿಟ್ಟು, ಅದರ ಗೊಡವೆಯೇ ಇಲ್ಲದವರ ಬಾಯಲ್ಲಿ ಬಾಳುತ್ತಾ?

2019ರ ಲೋಕಸಭಾ ಚುನಾವಣೆ ಹೊತ್ತಿಗೆ "ನಿಖಿಲ್ ಎಲ್ಲಿದ್ದೀಯಪ್ಪಾ" ಎಲ್ಲರ ಬಾಯಲ್ಲೂ ಇತ್ತು. ಮದುವೆ ಮನೆಯಲ್ಲಿ, ಕಾಲೇಜಲ್ಲಿ, ಹೆಸರು ಬದಲಿಸಿಯೂ ಕೂಗುತ್ತಿದ್ದರು. ಆದರೆ ಕುಮಾರಸ್ವಾಮಿ ವೇದಿಕೆ ಮೇಲಿಂದ ಮಗ ನಿಖಿಲ್‌ನನ್ನು ಹಾಗೆ ಕರೆದ ಮೊದಲ ವಿಡಿಯೋ ನೆನಪಿದ್ದರೆ ಮಾತ್ರ ಅದಕ್ಕೆ ನಗು ಬರ್ತಿತ್ತು. ನೆನಪು ಮಾಸಿತು, ಮಾತೂ ಮಾಸಿತು. ಇನ್ನೊಂದು ಕಡೆ "ಪೊಲೀಸರಿಗೆ ಚಳ್ಳೆಹಣ್ಣು ತಿನ್ನಿಸಿ ಪರಾರಿ" ಅಂತ ಪೇಪರಿನಲ್ಲಿ ಈಗಲೂ ಬರುತ್ತೆ. ಚಳ್ಳೆಹಣ್ಣಿನ ಒಳಗೆಲ್ಲ ಅಂಟಂಟು ಲೋಳೆ. ಚಿಕ್ಕವರಿದ್ದಾಗ ಅದನ್ನೇ ಗೋಂದು ಮಾಡಿಕೊಂಡು ಗಾಳಿಪಟ ಅಂಟಿಸುತ್ತಿದ್ದೆವು. ಇವತ್ತು ಆ ಸುದ್ದಿ ಓದುವ ಎಷ್ಟೋ ಜನ ಹಣ್ಣನ್ನು ಕಣ್ಣಲ್ಲೂ ಕಂಡಿಲ್ಲ. ಮಾತಿಗೆ ಅದರಿಂದ ಏನೂ ಆಗಿಲ್ಲ.

ಈಗ ನಿನ್ನ ಮಾತಿಗೆ ಬರ್ತೀನಿ. 2022ರಲ್ಲಿ ಕೋಲಾರದ ಹತ್ತಿರ ನಮ್ಮ ಸೋದರತ್ತೆ ಊರಿಗೆ ಹೋಗಿದ್ದೆ. ಪಕ್ಕದ ಹೊಲದಲ್ಲಿ ಒಬ್ಬ ಹೆಂಗಸು ಟೊಮೆಟೊ ಸಸಿ ನೆಡುತ್ತಿದ್ದರು. ನೆಲಕ್ಕೆ ಹೊದಿಸಿದ ಪ್ಲಾಸ್ಟಿಕ್ ಮಲ್ಚಿಂಗ್ ಶೀಟಿನ ತೂತಿಗೆ ಎರಡು ಬೆರಳಲ್ಲಿ ಸಸಿ ಇಳಿಸಿ, ಬುಡಕ್ಕೆ ಮಣ್ಣು ಒತ್ತಿ, ಕೂತಲ್ಲೇ ಮುಂದಿನ ತೂತಿಗೆ ಜರುಗುತ್ತಿದ್ದರು. ಹಿಂದಿನ ಬೆಳೆಗೆ ರೇಟು ಬಿದ್ದು, 15 ಕೆಜಿ ಬಾಕ್ಸಿಗೆ ಕಿತ್ತ ಕೂಲಿಯೂ ಗಿಟ್ಟಿರಲಿಲ್ಲವಂತೆ. "ಮತ್ತೆ ಟೊಮೆಟೊನೇ ಹಾಕ್ತಿದ್ದೀರಲ್ಲಮ್ಮ" ಅಂದೆ. ತಲೆ ಎತ್ತದೆ, "ಈ ಸಲ ಕಪ್ ನಮ್ದೇ ಬಿಡಣ್ಣ" ಅಂದರು. ಕ್ರಿಕೆಟ್ ನೋಡೋನು ಅವರ ಮಗ. ಆಯಮ್ಮನಿಗೆ ಯಾವ ಟೀಮು ಯಾವ ಊರಿಂದು ಅಂತಾನೂ ಗೊತ್ತಿರಲಿಲ್ಲ. ಹೋದ ಸಲ ಸೋತೆ, ಆದರೂ ಬಿಟ್ಟಿಲ್ಲ, ಇದೆರಡನ್ನೂ ಒಂದೇ ಉಸಿರಲ್ಲಿ ಹೇಳೋಕೆ ಅವರಿಗೆ ಆ ಮಾತು ಒದಗಿ ಬಂತು. ಅವತ್ತೇ ನನಗೆ ಇದು ಬರೀ ಕೂಗಲ್ಲ ಅನ್ನಿಸಿತು.

ಈ ಅರ್ಥ ಸುಮ್ನೆ ಬಂದಿದ್ದಲ್ಲ. ಆರ್‌ಸಿಬಿ 2008ರಿಂದ ಆಡುತ್ತಿತ್ತು. 2009, 2011, 2016, ಮೂರು ಸಲ ಫೈನಲ್‌ಗೆ ಹೋಗಿ ಸೋತಿತು. ಅಷ್ಟು ಸೋಲನ್ನು ಬೆನ್ನಿಗೆ ಕಟ್ಟಿಕೊಂಡೇ ಈ ಮಾತು ಊರೂರು ತಿರುಗಿತು.

ಅದಕ್ಕೇ ನಿನ್ನ ಕಥೆಯ "ನಮ್ಮದೇ" ನನಗೆ ಚುಚ್ಚಿತು. ಅಚ್ಚಿನ ಕನ್ನಡಕ್ಕೆ ತಿದ್ದೋಕೆ ಹೋಗಬೇಡ. ಅದು "ನಮ್ದೇ". ಜೀವ ಇರೋದು ಕೊನೆಯ ಆ ಏಕಾರದಲ್ಲಿ. "ನಮ್ದು" ಅಂದರೆ ಕೈಯಲ್ಲಿದೆ. "ನಮ್ದೇ" ಅಂದರೆ ಇನ್ನೂ ಬಂದಿಲ್ಲ, ಆದರೂ ಹಟ. 2024ರ ಮಾರ್ಚ್‌ನಲ್ಲಿ ಆರ್‌ಸಿಬಿಯ ಮಹಿಳೆಯರ ತಂಡ ಕಪ್ ಗೆದ್ದಾಗ ನಾಯಕಿ ಸ್ಮೃತಿ ಮಂಧಾನ ಇದನ್ನೇ ತಿದ್ದಿ, ಈಗ ಇದು "ಈ ಸಲ ಕಪ್ ನಮ್ದು" ಅಂದರು. ಕನ್ನಡ ಅವರ ಮನೆಮಾತಲ್ಲ. ಆದರೂ ಎಷ್ಟು ಸರಿಯಾಗಿ ಹಿಡಿದರು ನೋಡು!

ಇನ್ನೊಂದು. ಅಮ್ಮ "ಯಾವ ಕಪ್ಪೇ?" ಅಂತ ಕೇಳ್ತಾಳೆ, ಮಗಳು ನಾಲ್ಕು ಸಾಲು ಕ್ರಿಕೆಟ್ ವಿವರಿಸ್ತಾಳೆ. ಆ ನಾಲ್ಕೂ ಸಾಲು ಹೊಡೆದುಹಾಕು. ಅಮ್ಮನಿಗೆ ಅರ್ಥ ಆಗಿಯೇ ಇರುತ್ತೆ, ಮೂರು ಸಲ ಬುತ್ತಿ ಕಟ್ಟಿಕೊಟ್ಟವಳು ಅವಳು. ಎಲ್ಲೋ ಒಬ್ಬ ಓದುಗನಿಗೆ ಕ್ರಿಕೆಟ್ ಗೊತ್ತಿಲ್ಲದಿದ್ದರೂ, ಮೂರನೇ ಸಲ ಹೊರಟವಳ ಬಾಯಲ್ಲಿ ಕೇಳಿದಾಗ ಅವನಿಗೂ ತಲುಪುತ್ತೆ. ಈ ಸಲ ನೀನು ಆ ಮಾತನ್ನು ನಂಬು. ಹಾಗೇ, ಕಥೆಯಲ್ಲಿ ಅದನ್ನು ಮೂರು ಕಡೆ ಹಾಕಿದ್ದೀಯ. ಹೊಸಿಲಲ್ಲಿ ಒಂದೇ ಸಾಕು, ಉಳಿದೆರಡು ಜಾಸ್ತಿ ಆಯ್ತು.

ಆದರೆ ಒಂದು ವಿಷಯ ನೀನೇ ತೀರ್ಮಾನಿಸಬೇಕು. ನಿನ್ನ ಕಥೆ ನಡೆಯೋದು ಯಾವ ವರ್ಷ? 2025ರ ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ಗಂಡಸರ ತಂಡವೂ ಗೆದ್ದಿತು. ಮಾರನೇ ದಿನ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಗೆಲುವಿನ ಸಂಭ್ರಮದ ನೂಕುನುಗ್ಗಲಲ್ಲಿ 11 ಜನ ತೀರಿಕೊಂಡರು. ಮುಂಚಿನ ರಾತ್ರಿ ಬೈಕಿನ ಮೇಲೆ ಇದೇ ಮಾತು ಕೂಗುತ್ತಾ ಹೋಗಿದ್ದ ನಮ್ಮ ಬೀದಿ ಹುಡುಗರು, ಆಮೇಲೆ ಎಷ್ಟೋ ದಿನ ಅದನ್ನು ಬಾಯಿಗೆ ತರಲಿಲ್ಲ. ನಿನ್ನ ಹುಡುಗಿ 2023ರಲ್ಲಿ ಹೊಸಿಲು ದಾಟಿದರೆ ಆ ಮಾತಿನಲ್ಲಿ ಬರೀ ಹಟ ಇರುತ್ತೆ. ಈ ವರ್ಷ ದಾಟಿದರೆ ಗೆಲುವೂ ಇರುತ್ತೆ, ಆ ಸಾವುಗಳೂ ಇರುತ್ತವೆ. ಅಮ್ಮನ ಮುಖ ಎರಡು ಸಲವೂ ಒಂದೇ ಥರ ಇರೋದಿಲ್ಲ.

ವರ್ಷ ಗಟ್ಟಿ ಮಾಡಿಕೊಂಡು ಆ ಒಂದು ಪುಟ ಮಾತ್ರ ಮತ್ತೆ ಬರೆದು ಕಳಿಸು. ಕಾಯ್ತಿರ್ತೀನಿ.

ನಿನ್ನ ಅಣ್ಣ