ಹಂಪನಕಟ್ಟೆಯಲ್ಲಿ ಕೊಡೆ ಕೊಟ್ಟವರಿಗೆ

ನಿಮ್ಮ ಹೆಸರು ಕೇಳಲೇ ಇಲ್ಲ. ಜೂನ್ ಮೊದಲ ವಾರ, ಮಂಗಳೂರಿನ ಹಂಪನಕಟ್ಟೆಯ ಜೆರಾಕ್ಸ್ ಅಂಗಡಿ, ಹೊರಗೆ ಹುಚ್ಚು ಮಳೆ. ನನ್ನ ಜೊತೆ ನಮ್ಮ ಹಾಸ್ಟೆಲಿನ ಏಳು ವರ್ಷದ ಹುಡುಗಿ, ಅವಳ ಅಮ್ಮ.

ಬೆಳಿಗ್ಗೆಯಷ್ಟೇ ಒಂದು ಶಾಲೆಯವರು ಜನನ ಪ್ರಮಾಣಪತ್ರ ಇಲ್ಲ, ಅಪ್ಪನ ದಾಖಲೆ ಇಲ್ಲ ಅಂತ ವಾಪಸ್ ಕಳಿಸಿದ್ದರು. ನಮ್ಮ ಮುಖ ನೋಡಿ ನೀವೇ ಕೇಳಿದಿರಿ, "ಎಂತ ಆಯ್ತು ಮಾರಾಯ್ರೆ?"

2009ರ ಶಿಕ್ಷಣ ಹಕ್ಕು ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ ವಯಸ್ಸಿನ ದಾಖಲೆ ಇಲ್ಲ ಅಂತ ಮಗುವಿಗೆ ಪ್ರವೇಶ ನಿರಾಕರಿಸುವಂತಿಲ್ಲ ಅಂದಿರಿ. ಹಾಸ್ಟೆಲ್ ನಡೆಸುವ ನನಗೇ ಅದು ಗೊತ್ತಿರಲಿಲ್ಲ, ನಾಚಿಕೆಯ ವಿಷಯ! ಅಲ್ಲೇ ಕೌಂಟರ್ ಮೇಲೆ ಕಾಗದ ಇಟ್ಟು ಅರ್ಜಿ ಬರೆಯಲು ಕೂತಿರಿ.

ಅರ್ಧಕ್ಕೆ ಬಂದಾಗ ಅಮ್ಮ ತಮ್ಮದು ಲೈಂಗಿಕ ವೃತ್ತಿ ಅಂತ ತಾವೇ ಹೇಳಿಬಿಟ್ಟರು. ನಿಮ್ಮ ಪೆನ್ನು ನಿಲ್ಲಲಿಲ್ಲ. ಅದನ್ನು ನಾನು ಈಗಲೂ ನೆನೆಸಿಕೊಳ್ಳುತ್ತೇನೆ. "ವಿಷಯ ಗೊತ್ತಾದ್ರೆ ಮಗುವನ್ನು ಕಿತ್ಕೊಳ್ತಾರಾ?" ಅಂತ ಅವರು ಕೇಳಿದರು. ಈ ವೃತ್ತಿ ಎಂಬ ಒಂದೇ ಕಾರಣಕ್ಕೆ ತಾಯಿ ಮಗುವನ್ನು ಬೇರೆ ಮಾಡಬಾರದು ಅಂತ 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ ಅಂದಿರಿ. 'ತಂದೆ' ಅಂತ ಬರೆದಿದ್ದನ್ನು ನೀಟಾಗಿ ಹೊಡೆದು ಮೇಲೆ 'ತಾಯಿ' ಅಂತ ಬರೆದಿರಿ.

ಸೀಟು ಸಿಕ್ಕಿತು. ಶನಿವಾರ ರಾತ್ರಿ ಅಮ್ಮ ಬಂದು ಹೋಮ್‌ವರ್ಕ್ ನೋಡುತ್ತಾರೆ. ಓದಲು ಬರುವುದಿಲ್ಲ, ಸುಮ್ನೆ ಪುಟ ತಿರುಗಿಸುತ್ತಾರೆ.

ನೀವು ಮಳೆಯಲ್ಲಿ ನೆನೆಯುತ್ತಲೇ ಸ್ಟೇಟ್‌ಬ್ಯಾಂಕ್ ಕಡೆ ಓಡಿದಿರಿ. ಹಿಡಿಗೆ ಹಳದಿ ದಾರ ಸುತ್ತಿದ ನಿಮ್ಮ ಕೊಡೆ ನಮ್ಮಲ್ಲೇ ಉಂಟು. ಹುಡುಗಿ ಯಾರಿಗೂ ಮುಟ್ಟಲು ಬಿಡುವುದಿಲ್ಲ.